ಕೊಳೆ ಕಂಡ ಮೇಲೆ ಹೊಡೆದ ಮದ್ದು

ರೋಹಿಣಿ ಮಳೆ ಹತ್ತಿರ ಬಂತೆಂದರೆ ನಮ್ಮ ತೋಟಗಳಲ್ಲಿ ಪ್ರತಿವರ್ಷವೂ ಒಂದೇ ಮಾತು ಕೇಳಿಬರುತ್ತದೆ: "ಈ ಸಲ ಮಳೆ ಹೇಗೆ ಹಿಡಿಯುತ್ತದೋ ನೋಡೋಣ. ನಾಲ್ಕು ಕಾಯಿ ಉದುರಿದರೆ ಆಗ ಮದ್ದು ಹೊಡೆಸಿದರಾಯಿತು." ಹೀಗೆನ್ನುವುದಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಕೊನೆಗೌಡರು ಸಿಕ್ಕುವುದೇ ಕಷ್ಟ, ಸಿಕ್ಕಿದರೂ ಕೂಲಿ ಏರಿದೆ. ಮೈಲುತುತ್ತದ ಬೆಲೆಯೂ ಇಳಿದದ್ದು ಕಾಣೆವು. ಒಂದೆಕರೆ ಎರಡೆಕರೆಯ ಬೆಳೆಗಾರನಿಗೆ ಮೇ ತಿಂಗಳೆಂದರೆ ಕೈ ಬರಿದಾಗಿರುವ ಕಾಲ. ಮಕ್ಕಳ ಶಾಲೆಯ ಖರ್ಚು, ಮಳೆಗಾಲದ ದಿನಸಿ, ಸೂರಿನ ರಿಪೇರಿ ಎಲ್ಲವೂ ಆಗಲೇ ಬಂದು ನಿಲ್ಲುತ್ತವೆ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ರೋಗಕ್ಕೆ ಮುಂಗಡ ಖರ್ಚು ಏಕೆ ಎಂದು ಅವನು ಯೋಚಿಸಿದರೆ ಅದು ಸಹಜವೇ.

ಆದರೆ ಈ ಲೆಕ್ಕ ತಪ್ಪು. ನಮ್ಮ ಬಹುಪಾಲು ನಷ್ಟಕ್ಕೆ ಈ ಒಂದು ತಪ್ಪು ಲೆಕ್ಕವೇ ಕಾರಣ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಮಳೆಗೆ ಮುಂಚೆ ಮದ್ದು ಹೊಡೆಯಿರಿ ಎಂದು ಹಿರಿಯರೂ ಹೇಳಿದ್ದಾರೆ, ಇಲಾಖೆಯವರೂ ಹೇಳುತ್ತ ಬಂದಿದ್ದಾರೆ. ಹೊಸತೇನು ಎಂದು ನೀವು ಕೇಳಬಹುದು. ಹೇಳುವ ಮಾತು ಹಳೆಯದೇ. ಆದರೆ ರೋಗಾಣು ಗಿಡದೊಳಕ್ಕೆ ಹೇಗೆ ನುಗ್ಗುತ್ತದೆ, ನುಗ್ಗಿ ಅಲ್ಲಿ ಏನು ಮಾಡುತ್ತದೆ ಎಂಬುದನ್ನು ಈಚಿನ ದಶಕಗಳಲ್ಲಿ ವಿಜ್ಞಾನಿಗಳು ಜೀವಕೋಶದ, ಅಣುವಿನ ಮಟ್ಟದವರೆಗೆ ಬಿಡಿಸಿ ನೋಡಿದ್ದಾರೆ. ಆ ತಿಳಿವು ಹಿರಿಯರ ಮಾತಿಗೆ ಕಾರಣವನ್ನು ಕೊಟ್ಟಿದೆ. ಕಾರಣ ಗೊತ್ತಿದ್ದವನು ಹೊತ್ತು ತಪ್ಪಿಸುವುದಿಲ್ಲ. ಆದ್ದರಿಂದಲೇ ಈ ಬರಹ.

ನೀರಿನಲ್ಲಿ ಈಜಿ ಬರುವ ರೋಗ

ಮೊದಲು ಅಡಿಕೆಯ ಕೊಳೆರೋಗ. ಒಂದು ಕಾಲದಲ್ಲಿ ನಮ್ಮವರು ಇದಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುತ್ತಿದ್ದರು. ನೀರೇ ರೋಗದ ಮೂಲ ಎಂಬುದು ಅವರ ಅನುಭವಕ್ಕೆ ಬಂದಿತ್ತು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಕುಲದ ಸೂಕ್ಷ್ಮಜೀವಿ ಎಂದು ತೋರಿಸಿದವರೂ, ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆ ಮರಗಳ ಮೇಲಕ್ಕೆ ಹತ್ತಿಸಿದವರೂ ಅವರೇ. ಫೈಟಾಫ್ತೊರ ಎಂದರೆ ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ ಎಂದು ಅರ್ಥ.

ಇದನ್ನು ನಾವು ಶಿಲೀಂಧ್ರ, ಬೂಷ್ಟು ಎಂದೇ ಕರೆಯುತ್ತ ಬಂದಿದ್ದೇವೆ. ನಿಜವಾಗಿ ನೋಡಿದರೆ ಇದು ಶಿಲೀಂಧ್ರಗಳ ವಂಶಕ್ಕೆ ಸೇರಿದ್ದಲ್ಲ, ಸಮುದ್ರದ ಕಂದು ಪಾಚಿಗಳ ದೂರದ ನೆಂಟ. ನಿಜವಾದ ಶಿಲೀಂಧ್ರದ ಕೋಶಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಮುಖ್ಯವಾಗಿರುತ್ತದೆ. ಇದರ ಗೋಡೆಯಲ್ಲಿರುವುದು ಗ್ಲೂಕನ್ ಮತ್ತು ಸೆಲ್ಯುಲೋಸ್. ಇದು ಬರೇ ಪುಸ್ತಕದ ವ್ಯತ್ಯಾಸವಲ್ಲ, ಔಷಧಿ ಕೊಳ್ಳುವಾಗ ಇದು ಹೇಗೆ ನಮ್ಮ ಜೇಬಿಗೆ ತಾಗುತ್ತದೆಂಬುದನ್ನು ಮುಂದೆ ಹೇಳುತ್ತೇವೆ.

ಮಳೆ ಹಿಡಿದು ತೋಟದಲ್ಲಿ ತಂಪು ಕೂತಾಗ ಈ ಜೀವಿಯ ಬೀಜಚೀಲಗಳು ಒಡೆಯುತ್ತವೆ. ಒಂದೊಂದು ಚೀಲದಿಂದಲೂ ಹಲವಾರು ಈಜುಕಣಗಳು ಹೊರಬೀಳುತ್ತವೆ. ಈ ಕಣಕ್ಕೆ ಎರಡು ಬಾಲಗಳಿವೆ, ಗೋಡೆ ಮಾತ್ರ ಇಲ್ಲ, ತೆಳ್ಳನೆಯ ಪೊರೆ ಅಷ್ಟೆ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಇದು ಈಜುತ್ತ ಹೋಗಿ ತಕ್ಕ ಜಾಗದಲ್ಲಿ ನಿಲ್ಲುತ್ತದೆ. ಬಾಲ ಕಳಚುತ್ತದೆ, ಅಂಟು ಸುರಿಸಿ ಕಾಯಿಗೆ ಕಚ್ಚಿಕೊಳ್ಳುತ್ತದೆ, ಮೈಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ, ಆಮೇಲೆ ಮೊಳಕೆ ಒಡೆಯುತ್ತದೆ. ಇಷ್ಟೆಲ್ಲ ನಡೆಯುವುದಕ್ಕೆ ದಿನಗಟ್ಟಲೆ ಬೇಕಿಲ್ಲ, ಕೆಲವೇ ಗಂಟೆಗಳು ಸಾಕು.

ಆ ಮೊಳಕೆ ಗಡುಸಾದ ಸಿಪ್ಪೆಯನ್ನು ಹೇಗೆ ಭೇದಿಸುತ್ತದೆ? ಬಟಾಟೆಯ ಅಂಗಮಾರಿಗೆ ಕಾರಣವಾದ ಇದೇ ಕುಲದ ಜೀವಿಯ ಮೇಲೆ ಹಾಲೆಂಡಿನ ವಾಗನಿಂಗನ್ ವಿಶ್ವವಿದ್ಯಾನಿಲಯದವರು ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅದು ನೇರ ಒತ್ತಿ ತೂತು ಮಾಡುವುದಿಲ್ಲ, ಓರೆಯಾಗಿ ಕೊಯ್ಯುತ್ತದೆ ಎಂದು ಅವರು ತೋರಿಸಿದರು. ಹಣ್ಣಾದ ಟೊಮೆಟೊವನ್ನು ಮೊಂಡು ಚಾಕುವಿನಿಂದ ನೇರ ಒತ್ತಿದರೆ ಜಜ್ಜಿಹೋಗುತ್ತದೆ, ಓರೆಯಾಗಿ ಎಳೆದರೆ ಕೊಯ್ದು ಬರುತ್ತದೆ. ಅಡುಗೆಮನೆಯಲ್ಲಿ ಎಲ್ಲರೂ ಬಲ್ಲ ಈ ಉಪಾಯವನ್ನೇ ಕಣ್ಣಿಗೆ ಕಾಣದ ಈ ಜೀವಿಯೂ ಬಳಸುತ್ತದೆ.

ಒಳಗೆ ಹೋದಮೇಲೆ ಅದು ಸುಮ್ಮನಿರುವುದಿಲ್ಲ. ಗಿಡಕ್ಕೂ ತನ್ನದೇ ಆದ ಕಾವಲು ಇದೆ. ಹೊರಗಿನ ಜೀವಿಯ ಗೋಡೆಯ ಚೂರುಗಳು ತಾಗಿದೊಡನೆ ಗಿಡದ ಕೋಶಗಳು ಗುರುತು ಹಿಡಿದು ಗೋಡೆ ಗಟ್ಟಿಮಾಡಿಕೊಳ್ಳುತ್ತವೆ, ವಿಷಕಾರಿ ರಸಗಳನ್ನು ಸುರಿಸುತ್ತವೆ. ಈ ಕಾವಲನ್ನು ಮುರಿಯುವುದಕ್ಕೆಂದೇ ರೋಗಾಣು ಬಗೆಬಗೆಯ ಪ್ರೋಟೀನುಗಳನ್ನು ತಯಾರಿಸಿ ಗಿಡದ ಕೋಶದೊಳಕ್ಕೆ ಕಳಿಸುತ್ತದೆ. ಬಟಾಟೆ ಅಂಗಮಾರಿಯ ಜೀವಿಯ ವಂಶವಾಹಿಗಳ ಪೂರ್ತಿ ಪಟ್ಟಿ 2009ರಲ್ಲಿ ಹೊರಬಂದಾಗ ಇಂಥ ಪ್ರೋಟೀನುಗಳ ಒಂದೇ ಪಂಗಡಕ್ಕೆ 500ಕ್ಕೂ ಹೆಚ್ಚು ವಂಶವಾಹಿಗಳಿರುವುದು ತಿಳಿದುಬಂತು. ಕಾವಲುಗಾರನ ಬಾಯಿ ಕಟ್ಟಿದಮೇಲೆ ಮನೆಯೆಲ್ಲ ಕಳ್ಳನದೇ. ತೊಟ್ಟಿನ ಕಡೆ ನೀರು ತುಂಬಿದಂಥ ಕಲೆ ನಮಗೆ ಕಾಣುವುದು, ಕಾಯಿ ಉದುರುವುದು, ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಏಳುವುದು ಎಲ್ಲವೂ ಇದಾದ ಎಷ್ಟೋ ದಿನಗಳ ಮೇಲೆ. ನಾವು ನೋಡುವ ಮೊದಲ ಕಾಯಿ ರೋಗದ ಆರಂಭವಲ್ಲ, ಒಂದು ಸುತ್ತು ಮುಗಿದುದರ ಗುರುತು. ಆ ಹೊತ್ತಿಗೆ ಅದರ ಬೂಷ್ಟಿನಿಂದ ಮುಂದಿನ ಸುತ್ತಿನ ಬೀಜ ಮಳೆಹನಿಯ ಜೊತೆ ಪಕ್ಕದ ಕೊನೆಗೂ, ಗಾಳಿಮಳೆಯ ಜೊತೆ ಪಕ್ಕದ ತೋಟಕ್ಕೂ ಹೊರಟಿರುತ್ತದೆ.

ಎಲೆಯ ಬೆನ್ನಿನ ಬಾಗಿಲು

ಕಾಫಿಯ ಎಲೆ ತುಕ್ಕು ರೋಗದ ದಾರಿ ಬೇರೆ, ನೀತಿ ಒಂದೇ. ಇದು ನಿಜವಾದ ಶಿಲೀಂಧ್ರ. ಸಿಂಹಳದಲ್ಲಿ 1869ರಲ್ಲಿ ಕಾಣಿಸಿಕೊಂಡು, ಎರಡು ದಶಕದೊಳಗೆ ಅಲ್ಲಿನ ಕಾಫಿಯನ್ನೇ ಅಳಿಸಿ ಚಹಾ ಹಾಕಿಸಿದ ರೋಗ ಇದು. ನಮ್ಮ ಮೈಸೂರು, ಕೊಡಗಿನ ತೋಟಗಳಿಗೂ ಅದೇ ಕಾಲಕ್ಕೆ ಕಾಲಿಟ್ಟಿತು. 1880ರಿಂದ 1882ರವರೆಗೆ ಸಿಂಹಳದಲ್ಲಿ ಕೆಲಸ ಮಾಡಿದ ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ, ತುಕ್ಕಿನ ಕಣ ಗಾಳಿಯಲ್ಲಿ ಬಂದು ಒದ್ದೆ ಎಲೆಯ ಮೇಲೆ ಮೊಳೆತು, ಎಲೆಯ ಕೆಳಮೈಯಲ್ಲಿರುವ ಉಸಿರುರಂಧ್ರಗಳ ಮೂಲಕ ಒಳಹೊಗುತ್ತದೆಂದು ತೋರಿಸಿಕೊಟ್ಟರು. ಆದರೆ ಬೋರ್ಡೋ ದ್ರಾವಣದ ಗುಣವನ್ನು ಫ್ರಾನ್ಸಿನಲ್ಲಿ ಮಿಲಾರ್ಡೆ ಅವರು ಪ್ರಕಟಿಸಿದ್ದು 1885ರಲ್ಲಿ. ವಾರ್ಡ್ ಹಿಂತಿರುಗಿ ಮೂರು ವರ್ಷವಾಗಿತ್ತು, ಸಿಂಹಳದ ಬೆಳೆಗಾರರ ಪಾಲಿಗೆ ಹೊತ್ತು ಮೀರಿತ್ತು.

ಮೊಳೆತ ತುಕ್ಕಿನ ಎಳೆಗೆ ಕಣ್ಣಿಲ್ಲ. ಆ ಉಸಿರುರಂಧ್ರ ಅದಕ್ಕೆ ಸಿಗುವುದು ಹೇಗೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಬೀನ್ಸ್ ಗಿಡದ ತುಕ್ಕಿನ ಮೇಲೆ ಮಾಡಿದ ಪ್ರಯೋಗ 1987ರಲ್ಲಿ ಪ್ರಕಟವಾಯಿತು. ಎಲೆಯೇ ಅಲ್ಲದ ನುಣ್ಣನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಮಿಲಿಮೀಟರಿನ ಎರಡು ಸಾವಿರದ ಒಂದು ಪಾಲಿನಷ್ಟು ಎತ್ತರದ ಅಂಚು ಮಾಡಿಟ್ಟರೂ ಎಳೆಯ ತುದಿ ಅದನ್ನು ತಡವಿ ಗುರುತಿಸಿತು. ಉಸಿರುರಂಧ್ರದ ತುಟಿಯೆಂದೇ ಬಗೆದು ಅಲ್ಲಿ ಒತ್ತುಗುಬ್ಬಿ ಕಟ್ಟಿತು. ಕತ್ತಲಲ್ಲಿ ಗೋಡೆ ತಡವುತ್ತ ಬಾಗಿಲ ಚೌಕಟ್ಟು ಹುಡುಕಿದ ಹಾಗೆ.

ಒಳಗೆ ಹೊಕ್ಕ ತುಕ್ಕು ಕೋಶವನ್ನು ಕೊಲ್ಲುವುದಿಲ್ಲ. ಕೋಶದ ಗೋಡೆ ಕೊರೆದು, ಒಳಪೊರೆಯನ್ನು ಹರಿಯದೆ ಮೆಲ್ಲಗೆ ಒಳಕ್ಕೆ ದೂಡಿ, ಬೆರಳಿನಂಥ ಹೀರುಕೊಳವೆಯನ್ನು ಊರುತ್ತದೆ. ಎಲೆ ಬಿಸಿಲಿನಲ್ಲಿ ದುಡಿದ ಸಕ್ಕರೆಯನ್ನು ಅಲ್ಲಿಂದಲೇ ಹೀರುತ್ತದೆ. ಮೂರು ವಾರದಿಂದ ಆರೇಳು ವಾರಗಳವರೆಗೆ ಹೊರಗೆ ಏನೂ ಕಾಣುವುದಿಲ್ಲ. ಕಿತ್ತಳೆ ಬಣ್ಣದ ಪುಡಿ ಎಲೆಯ ಬೆನ್ನಿನಲ್ಲಿ ಕಾಣುವ ಹೊತ್ತಿಗೆ ಒಂದು ಚುಕ್ಕೆಯಿಂದಲೇ ಲಕ್ಷಗಟ್ಟಲೆ ಕಣಗಳು ಹೊರಡುವ ಕಾಲ ಬಂದಿರುತ್ತದೆ. ಇಷ್ಟು ದಿನ ಸಾಲಗಾರ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದನೆಂದು ಆಗ ನಮಗೆ ಅರಿವಾಗುತ್ತದೆ.

ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಯನ್ನು ಕಾಡುತ್ತಿರುವ ಎಲೆಚುಕ್ಕೆ ರೋಗದಲ್ಲಿ ಕಾಣುವ ಕೊಲ್ಲೆಟೋಟ್ರೈಕಮ್ ಕುಲದ ಶಿಲೀಂಧ್ರಗಳದು ಮೂರನೆಯ ಬಗೆ. ಇವು ಕಪ್ಪುಬಣ್ಣದ ಗಟ್ಟಿ ಗುಬ್ಬಿಯನ್ನು ಕಟ್ಟಿಕೊಂಡು ಅದರೊಳಗೆ ಒತ್ತಡ ಏರಿಸಿ ಎಲೆಗೆ ಮೊಳೆ ಹೊಡೆದಂತೆ ನುಗ್ಗುತ್ತವೆ. ಇದೇ ಉಪಾಯವನ್ನು ಮಾಡುವ ಭತ್ತದ ಬೆಂಕಿರೋಗದ ಗುಬ್ಬಿಯಲ್ಲಿ ಅಳೆದ ಒತ್ತಡ, ಕಾರಿನ ಟೈರಿನ ಗಾಳಿಯ ಒತ್ತಡಕ್ಕಿಂತ ಸುಮಾರು 40 ಪಟ್ಟು. ಇಂಥ ಬಲಕ್ಕೆ ಎಲೆಯ ಮೇಣದ ಪದರ ಎಷ್ಟರ ತಡೆ?

ಮದ್ದು ಕೆಲಸ ಮಾಡುವುದು ಎಲ್ಲಿ?

ಈಗ ನಮ್ಮ ಬೋರ್ಡೋ ದ್ರಾವಣಕ್ಕೆ ಬರೋಣ. ಮೈಲುತುತ್ತ ಮತ್ತು ಸುಣ್ಣ ಸೇರಿದಾಗ ತಾಮ್ರವು ನೀರಿನಲ್ಲಿ ಬೇಗ ಕರಗದ ರೂಪಕ್ಕೆ ಬಂದು ಕಾಯಿ ಎಲೆಗಳ ಮೇಲೆ ಕೂರುತ್ತದೆ. ಮಳೆನೀರು ತಾಗಿದಾಗ ಅದರಿಂದ ಸ್ವಲ್ಪಸ್ವಲ್ಪವೇ ತಾಮ್ರ ಬಿಡುಗಡೆಯಾಗುತ್ತದೆ. ಗೋಡೆಯಿಲ್ಲದ ಈಜುಕಣವಾಗಲಿ, ಈಗತಾನೆ ಮೊಳೆತ ತುಕ್ಕಿನ ಎಳೆಯಾಗಲಿ ಆ ತಾಮ್ರವನ್ನು ಹೀರಿದರೆ ಅದರ ಒಳಗಿನ ಹತ್ತಾರು ಕಿಣ್ವಗಳು ಒಟ್ಟಿಗೇ ಕೆಟ್ಟು ಅದು ಸಾಯುತ್ತದೆ. ಗಮನಿಸಿ: ಇದೆಲ್ಲ ನಡೆಯುವುದು ಹೊರಮೈಯಲ್ಲಿ. ತಾಮ್ರ ಕಾಯಿಯ ಒಳಕ್ಕೆ ಇಳಿಯುವುದಿಲ್ಲ, ಇಳಿಯಲೂಬಾರದು. ಒಳಗೆ ಸೇರಿದ ರೋಗವನ್ನು ಅದು ಮುಟ್ಟಲಾರದು. ಅಂದರೆ ಬೋರ್ಡೋ ಹೊಸ್ತಿಲಿನ ಕಾವಲು, ಮನೆಯೊಳಗಿನ ವೈದ್ಯನಲ್ಲ. ಕೊಳೆ ಕಂಡಮೇಲೆ ಹೊಡೆದ ಮದ್ದು ಉಳಿದ ಆರೋಗ್ಯವಂತ ಕಾಯಿಗಳನ್ನು ಕಾಯಬಹುದು, ಹಿಡಿದ ಕಾಯಿಯನ್ನು ಬದುಕಿಸದು. ಅದೂ ಆರಿದ್ರಾ ಮಳೆ ಬಿಡದೆ ಸುರಿಯುತ್ತಿರುವಾಗ ಹೊಡೆಯುವುದಕ್ಕೆ ಹೊಳವೇ ಸಿಕ್ಕುವುದಿಲ್ಲ. ಹೊಡೆದರೂ ಒಣಗಿ ಅಂಟಿಕೊಳ್ಳುವ ಮುಂಚೆ ತೊಳೆದುಹೋಗುತ್ತದೆ.

"ಒಳಗಿಳಿಯುವ ಹೊಸ ಔಷಧಿಗಳಿವೆಯಲ್ಲ" ಎನ್ನುವವರಿದ್ದಾರೆ. ಇವೆ, ಅವುಗಳಿಗೆ ಅವುಗಳ ಸ್ಥಾನವೂ ಇದೆ. ಆದರೆ ಎರಡು ಮಾತು ನೆನಪಿರಲಿ. ಮೊದಲನೆಯದು: ಕಾಫಿ ತುಕ್ಕಿಗೆ ಬಳಸುವ ಹೆಕ್ಸಾಕೊನಜೋಲ್ ಮುಂತಾದವು ಶಿಲೀಂಧ್ರ ತನ್ನ ಪೊರೆಗೆ ಬೇಕಾದ ಸ್ಟೀರಾಲ್ ಎಂಬ ಕೊಬ್ಬನ್ನು ತಯಾರಿಸದಂತೆ ತಡೆಯುತ್ತವೆ. ಕೊಳೆರೋಗದ ಜೀವಿ ಆ ಕೊಬ್ಬನ್ನು ತಾನು ತಯಾರಿಸುವುದೇ ಇಲ್ಲ. ಇಲ್ಲದ ಒಲೆಗೆ ನೀರು ಹೊಯ್ದು ಏನು ಫಲ? ಕಾಫಿಗೆಂದು ತಂದು ಉಳಿದ ಡಬ್ಬವನ್ನು ಅಡಿಕೆಯ ಕೊಳೆಗೆ ಹೊಡೆಸಿದರೆ ಹಣ ಮಣ್ಣುಪಾಲು. ವಂಶ ಬೇರೆ ಎಂಬ ಆ ಪುಸ್ತಕದ ಮಾತು ಜೇಬಿಗೆ ತಾಗುವುದು ಇಲ್ಲಿ.

ಎರಡನೆಯದು: ಫೈಟಾಫ್ತೊರಕ್ಕೆಂದೇ ಬಂದ ಮೆಟಲಾಕ್ಸಿಲ್ ಎಂಬ ಔಷಧಿ ಜೀವಿಯ ಒಳಗಿನ ಒಂದೇ ಒಂದು ಕೆಲಸವನ್ನು ನಿಲ್ಲಿಸುತ್ತದೆ. ಅದು 1977ರಲ್ಲಿ ಮಾರುಕಟ್ಟೆಗೆ ಬಂತು. 1980ರ ಹೊತ್ತಿಗೆ ಹಾಲೆಂಡ್ ಮತ್ತು ಐರ್ಲೆಂಡಿನ ಬಟಾಟೆ ಹೊಲಗಳಲ್ಲಿ ಅದಕ್ಕೆ ಬಗ್ಗದ ಅಂಗಮಾರಿ ತಲೆಯೆತ್ತಿತು. ಒಂದೇ ಕಡೆ ಹೊಡೆಯುವ ಔಷಧಿಯಿಂದ ತಪ್ಪಿಸಿಕೊಳ್ಳಲು ರೋಗಾಣುವಿಗೆ ಒಂದು ಸಣ್ಣ ಬದಲಾವಣೆ ಸಾಕು. ತಾಮ್ರ ಹತ್ತು ಕಡೆ ಹೊಡೆಯುತ್ತದೆ. ಅದಕ್ಕೇ ಸುಮಾರು 140 ವರ್ಷವಾದರೂ ಅದು ನಮ್ಮ ಕೈಬಿಟ್ಟಿಲ್ಲ. ಹಾಗೆಂದು ತಾಮ್ರಕ್ಕೆ ದೋಷವಿಲ್ಲವೆಂದಲ್ಲ. ಅದು ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ, ವರ್ಷವರ್ಷವೂ ಕೂಡುತ್ತ ಹೋಗುತ್ತದೆ. ಭಯಬಿದ್ದು ನಾಲ್ಕಾರು ಸಲ ಹೊಡೆಸುವುದಕ್ಕಿಂತ ಹೊತ್ತಿಗೆ ಸರಿಯಾಗಿ ಎರಡು ಸಲ ಹೊಡೆಸುವುದು ಜೇಬಿಗೂ ಮಣ್ಣಿಗೂ ಹಿತ.

ಒಂದೇ ತಳಿಯನ್ನು ನೆಚ್ಚಬೇಡಿ

ಕಾಫಿಯಲ್ಲಿ ಇನ್ನೊಂದು ಆಸೆಯಿದೆ: ತುಕ್ಕು ಹಿಡಿಯದ ತಳಿ ಹಾಕಿಬಿಟ್ಟರೆ ಮದ್ದಿನ ಗೊಡವೆಯೇ ಬೇಡ ಎಂದು. ನಮ್ಮ ನೆಲದ ಚರಿತ್ರೆ ಬೇರೆ ಹೇಳುತ್ತದೆ. ಹಳೆಯ ಚಿಕ್ ತಳಿ ಹೋಯಿತು, ಕೂರ್ಗ್ ಬಂತು. ಕೂರ್ಗ್ ಸೋತಿತು, 1911ರಲ್ಲಿ ಆರಿಸಿದ ಕೆಂಟ್ಸ್ ಬಂತು. ಕೆಂಟ್ಸ್‌ಗೂ ತುಕ್ಕು ತಾಗಿದ ಮೇಲೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಎಸ್.288, 1940ರ ದಶಕದಲ್ಲಿ ಎಸ್.795, 1980ರ ದಶಕದಲ್ಲಿ ಕಾವೇರಿ, 2007ರಲ್ಲಿ ಚಂದ್ರಗಿರಿ ಹೀಗೆ ಒಂದಾದ ಮೇಲೊಂದು ಕೊಟ್ಟರು. ಆ ದುಡಿಮೆಗೆ ನಾವು ಋಣಿಗಳು. ಆದರೆ ಕಾವೇರಿಯ ಮೇಲೂ ತುಕ್ಕು ಬಂದುದನ್ನು ನಮ್ಮ ಕಣ್ಣಾರೆ ಕಂಡಿದ್ದೇವೆ.

ಇದಕ್ಕೆ ಕಾರಣವನ್ನು ಅಮೆರಿಕದ ಫ್ಲೋರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಅಗಸೆಯ ತುಕ್ಕಿನಲ್ಲಿ ಕಂಡುಹಿಡಿದರು. ಗಿಡದ ಒಂದೊಂದು ತಡೆವಂಶವಾಹಿ ರೋಗಾಣುವಿನ ಒಂದೊಂದು ಗುರುತನ್ನು ಹಿಡಿಯುತ್ತದೆ. ಗುರುತು ಸಿಕ್ಕಿದೊಡನೆ ಆ ಕೋಶ ತಾನೇ ಸತ್ತು, ಜೀವಂತ ಕೋಶವಿಲ್ಲದೆ ಬದುಕಲಾರದ ತುಕ್ಕನ್ನು ಉಪವಾಸ ಕೆಡವುತ್ತದೆ. ಆದರೆ ರೋಗಾಣು ಆ ಒಂದು ಗುರುತನ್ನು ಬದಲಿಸಿಕೊಂಡರೆ ಕಾವಲುಗಾರ ಎದುರೇ ನಿಂತಿದ್ದರೂ ಗುರುತು ಹಿಡಿಯಲಾರ. ಕಾಫಿಯಲ್ಲಿ ಇಂಥ ತಡೆವಂಶವಾಹಿಗಳು ಒಂಬತ್ತನ್ನಾದರೂ ಹೆಸರಿಸಿದ್ದಾರೆ. ತುಕ್ಕಿನ ಬಗೆಗಳಾದರೋ ಪೋರ್ಚುಗಲ್ಲಿನ ಕಾಫಿ ತುಕ್ಕು ಸಂಶೋಧನಾ ಕೇಂದ್ರದ ಪಟ್ಟಿಯಲ್ಲಿ 50ಕ್ಕೂ ಹೆಚ್ಚು. ಗುಡ್ಡವಿಡೀ ಒಂದೇ ತಳಿ ಹಾಕಿದರೆ ವೇಷ ಬದಲಿಸಿದ ಮೊದಲ ಕಣಕ್ಕೇ ಗುಡ್ಡವಿಡೀ ಊಟ. ಆದ್ದರಿಂದ ಹೊಸ ತಳಿ ಹಾಕಿ, ಆದರೆ ತೋಟವನ್ನೆಲ್ಲ ಅದಕ್ಕೇ ಒಪ್ಪಿಸಬೇಡಿ. ಹೊಸ ತಳಿ ಹಾಕಿದೆವೆಂದು ಎಲೆಯ ಬೆನ್ನು ನೋಡುವುದನ್ನೂ ಬಿಡಬೇಡಿ.

ನಾವು ಮಾಡಬೇಕಾದ್ದು

ಕೆಲಸದ ವಿಷಯದಲ್ಲಿ ಗೊಂದಲವಿಲ್ಲ. ಅಡಿಕೆಗೆ ಶೇಕಡಾ ಒಂದರ ಬೋರ್ಡೋ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು ಹೊಳವಾದಾಗ. ಮಳೆ ಎಳೆದರೆ ಮಾತ್ರ ಮೂರನೆಯದು. ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಕಾಫಿಗೆ ಶೇಕಡಾ ಅರ್ಧದ ದ್ರಾವಣ, ಮಳೆಗೆ ಮುಂಚೊಮ್ಮೆ, ಮಳೆ ಇಳಿದಮೇಲೊಮ್ಮೆ, ಅದೂ ಎಲೆಯ ಬೆನ್ನಿಗೆ. ಬಾಗಿಲಿರುವುದು ಅಲ್ಲಿ ತಾನೆ? ಬಿದ್ದ ಕೊಳೆ ಅಡಿಕೆಯನ್ನು ಮರದ ಬುಡದಲ್ಲಿ ಬಿಡದೆ ಹೆಕ್ಕಿ ಸುಡಬೇಕು. ರೋಗ ಸುಳಿಗೆ ಇಳಿಯಿತೆಂದರೆ ಫಸಲಲ್ಲ, ಮರವೇ ಹೋಗುತ್ತದೆ.

ಕಷ್ಟವಿರುವುದು ಹೊತ್ತಿಗೆ ಸರಿಯಾಗಿ, ಎಲ್ಲರೂ ಒಟ್ಟಾಗಿ ಮಾಡುವುದರಲ್ಲಿ. ಒಬ್ಬ ಬೆಳೆಗಾರ ಎಷ್ಟೇ ಶ್ರದ್ಧೆಯಿಂದ ಹೊಡೆಸಿದರೂ ಪಕ್ಕದಲ್ಲಿ ಯಜಮಾನ ಬೆಂಗಳೂರಿನಲ್ಲಿರುವ ಒಂದು ತೋಟ ಹಾಗೇ ಉಳಿದರೆ ಅಲ್ಲಿಂದ ದಿನವೂ ರೋಗದ ಬೀಜ ಬರುತ್ತಲೇ ಇರುತ್ತದೆ. ಕೊನೆಗೌಡನೊಬ್ಬನೇ, ಮನೆಗಳು ಹದಿನೈದು ಎಂದಾದರೆ ಕೊನೆಯ ಮನೆಯವನ ಸರದಿ ಬರುವ ಹೊತ್ತಿಗೆ ಆರಿದ್ರಾ ಕೂತಿರುತ್ತದೆ. ಇದು ಒಬ್ಬೊಬ್ಬರ ಸೋಮಾರಿತನವಲ್ಲ, ವ್ಯವಸ್ಥೆಯ ಕೊರತೆ. ಈ ಕೊರತೆಯನ್ನು ತುಂಬುವುದಕ್ಕಲ್ಲದೆ ಸಹಕಾರ ಸಂಘ ಇನ್ನೇತಕ್ಕೆ?

ಸಂಘದ ಸದಸ್ಯರ ಮುಂದೆ ನಾವು ಮೂರು ಸಲಹೆಗಳನ್ನಿಡುತ್ತೇವೆ. ಒಂದು, ಮೈಲುತುತ್ತದ ದಾಸ್ತಾನು ಏಪ್ರಿಲ್ ಮುಗಿಯುವುದರೊಳಗೆ ಸಂಘದ ಉಗ್ರಾಣಕ್ಕೆ ಬರಬೇಕು, ಮತ್ತು ಸಣ್ಣ ಹಿಡುವಳಿದಾರರಿಗೆ ಮುಂದಿನ ಫಸಲಿನ ಲೆಕ್ಕಕ್ಕೆ ಹಿಡಿದು ಅದನ್ನು ಕೊಡಬೇಕು. ಎರಡು, ಕಣಿವೆಗೊಂದರಂತೆ ಸಿಂಪಡಣೆಯ ತಂಡ ಕಟ್ಟಿ, ತೋಟದ ಎತ್ತರ, ಮಳೆ ಹಿಡಿಯುವ ದಿನ ನೋಡಿ ಸರದಿ ಗೊತ್ತುಮಾಡಬೇಕು. ತಂಡದವರಿಗೆ ವಿಮೆಯನ್ನೂ ಮಾಡಿಸಬೇಕು, ಏಕೆಂದರೆ ನಮ್ಮ ಫಸಲು ಅವರ ಜೀವದ ಮೇಲೆ ನಿಂತಿದೆ. ಮೂರು, ಊರಿನಲ್ಲಿಲ್ಲದ ಯಜಮಾನರ ತೋಟಕ್ಕೂ ಅವರ ಒಪ್ಪಿಗೆ ಪಡೆದು ತಂಡವೇ ಮದ್ದು ಹೊಡೆದು ಖರ್ಚನ್ನು ಅವರ ಖಾತೆಗೆ ಬರೆಯಬೇಕು.

ಸಂಘಕ್ಕೆ ಇದು ಹೊರೆ ಎನ್ನುವವರ ಆಕ್ಷೇಪವನ್ನೂ ನಾವು ಬಲ್ಲೆವು. ಸಾಲ ವಸೂಲಾಗುವುದೇ, ಸರದಿಯಲ್ಲಿ ಪಕ್ಷಪಾತವಾಗದೆ, ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ. ಸರದಿಯನ್ನು ಬರೆದು ಉಗ್ರಾಣದ ಬಾಗಿಲಿಗೆ ಅಂಟಿಸಿದರೆ ಎರಡನೆಯದಕ್ಕೆ ಉತ್ತರವಾಯಿತು. ಮೊದಲನೆಯದಕ್ಕೆ ನಮ್ಮ ಉತ್ತರ ಇಷ್ಟೆ: ಉದುರಿದ ಅಡಿಕೆಯಿಂದ ಯಾವ ಸಾಲವೂ ವಸೂಲಾಗುವುದಿಲ್ಲ, ಮರದಲ್ಲಿ ಉಳಿದ ಅಡಿಕೆಯಿಂದ ಮಾತ್ರ ಆಗುತ್ತದೆ.

ಬರುವ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದು ಸದಸ್ಯ ಬಾಂಧವರನ್ನು ಕೋರುತ್ತೇವೆ. ನೀರಿನ ಪದರ, ಕೆಲವು ಗಂಟೆ, ಒಂದು ತೆರೆದ ಬಾಗಿಲು, ರೋಗಾಣುವಿಗೆ ಬೇಕಾದ್ದು ಇಷ್ಟೇ. ಅದು ನಮ್ಮ ಸಭೆ ಮುಗಿಯಲೆಂದು ಕಾಯುವುದಿಲ್ಲ. ಆದ್ದರಿಂದ ಸಭೆಯನ್ನು ಮೃಗಶಿರಕ್ಕಲ್ಲ, ಯುಗಾದಿಯ ಆಸುಪಾಸಿನಲ್ಲೇ ಕರೆಯುವುದು ಒಳ್ಳೆಯದು.